ಬೇಜಾರು ಇರಲ್ವಾ ಅಂತ ಬಿಟ್ಟುಬಿಡಬೇಡಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮನೋವೈದ್ಯ. 1935ರಲ್ಲಿ ಇದೇ ಊರಿನ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಆ ಧೈರ್ಯದ ಮೇಲೆ ಮೈಕಿನ ಮುಂದೆ ಕೂತಿದ್ದೇನೆ.

ಮನೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆದವರನ್ನು ನೋಡಿಕೊಳ್ಳುತ್ತಿದ್ದೀರಲ್ಲ, ನಿಮ್ಮ ಹತ್ತಿರ ಒಂದೇ ಮಾತು. ಖಿನ್ನತೆ, ಅಂದರೆ ಡಿಪ್ರೆಶನ್, ಕ್ಯಾನ್ಸರಿನ ಬಾಲ ಅಲ್ಲ. ಅದು ಬೇರೆಯೇ ಕಾಯಿಲೆ. ಅದಕ್ಕೆ ಔಷಧ ಇದೆ. "ಇಂಥದ್ದು ಬಂದಮೇಲೆ ಬೇಜಾರು ಇರಲ್ವಾ ಡಾಕ್ಟ್ರೇ?" ಅಂತ ನನ್ನನ್ನೇ ಕೇಳುತ್ತಾರೆ. ಇರುತ್ತದೆ ಸ್ವಾಮಿ. ಕಾಲು ಮುರಿದರೆ ನೋವೂ ಇರುತ್ತದೆ. ಹಾಗಂತ ಸುಮ್ನೆ ನರಳಲಿ ಅಂತ ಬಿಡುತ್ತೀರಾ?

ಮಂಡ್ಯ ಕಡೆಯ ಹಿರಿಯರೊಬ್ಬರು ಬಂದಿದ್ದರು. ನಲವತ್ತು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವಾಗ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿ, ಅವರು ಹೂಂ ಅಂದಮೇಲೇ ಇಳಿಸಬೇಕು. ಸುತ್ತಮುತ್ತ ಅವರ ಮಾತೇ ಕೊನೆ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮುದ್ದೆ ಮುರಿಯುವುದು ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದರು. ರೋಗವೇ ತಿನ್ನುತ್ತಿದೆ ಅಂದುಕೊಂಡು ಮನೆಯವರು ಟಾನಿಕ್ ಮೇಲೆ ಟಾನಿಕ್ ಕುಡಿಸಿದರು.

ನನಗೆ ದಾರಿ ತೋರಿಸಿದ್ದು ಅವರ ಮಗಳು. "ಸಾ, ಹಿತ್ತಲಲ್ಲೇ ಆಲೆ ಆಡ್ತಾ ಅದೆ. ಪಾಕ ಸೀದ ವಾಸ್ನೆ ಮನೆ ತುಂಬಾ ಬಂದ್ರೂ ಅಪ್ಪ ತಿರುಗಿ ನೋಡ್ಲಿಲ್ಲ" ಅಂದಳು. ಅಷ್ಟು ಸಾಕು. ಸುಸ್ತು, ಹಸಿವಿಲ್ಲದಿರುವುದು ಕ್ಯಾನ್ಸರಿನಿಂದಲೂ ಬರುತ್ತದೆ, ಕೀಮೋದಿಂದಲೂ ಬರುತ್ತದೆ. ಪಾಕ ಸೀದರೂ ಕೇಳದೆ ಇರುವುದು? ಅದು ಖಿನ್ನತೆ.

ಮಗಳನ್ನು ಹೊರಗೆ ಕೂರಿಸಿ ಮಾತಾಡಿಸಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಬೀಡಿ ಸೇದಿ ನಾನೇ ತಂದ್ಕಂಡೆ ಸಾ. ಈ ಮಕ್ಕಳ್ ದುಡ್ಡು ಯಾಕೆ ಹಾಳಾಗ್ಬೇಕು?" ಈ ಕಾಯಿಲೆಯಲ್ಲಿ ಈ ತಪ್ಪಿನ ಭಾರ ಜಾಸ್ತಿ. ನೋಡಲು ಬಂದವರೂ "ಸೇದ್ತಿದ್ರಾ?" ಅಂತಲೇ ಮಾತು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಬೀಡಿ ಮುಟ್ಟದವರಿಗೂ ಇದು ಬರುತ್ತದೆ.

ಮಾತ್ರೆ ಕೊಟ್ಟೆ, ವಾರವಾರ ಮಾತಾಡಿದೆ. ಐದನೇ ವಾರ ಮಗಳ ಫೋನು. "ಅಪ್ಪ ಮಂಚದ ಮೇಲಿಂದಲೇ ಆಳುಗಳಿಗೆ ಬೈತಾ ಅವ್ರೆ ಸಾ, ಪಾಕ ಎಳಸಾಯ್ತು ಅಂತ." ಕ್ಯಾನ್ಸರ್ ಎಲ್ಲಿತ್ತೋ ಅಲ್ಲೇ ಇತ್ತು. ಮನುಷ್ಯ ವಾಪಸ್ ಬಂದಿದ್ದರು.

ಅಯ್ಯೋ, ಕೊಟ್ಟ ಸಮಯವೆಲ್ಲ ಆಲೆಮನೆಯಲ್ಲೇ ಕಳೆದೆ. ಉಳಿದದ್ದು ಬೇಗ ಹೇಳುತ್ತೇನೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆಯ ಲಕ್ಷಣ ನೂರಕ್ಕೆ 38 ಜನರಲ್ಲಿತ್ತು. ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ, ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆಯೂ ಸಿಕ್ಕವರಲ್ಲಿ 16.

ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೆ ಬಿಡಬೇಡಿ. ಆ ಮಾತ್ರೆಯನ್ನು ಕ್ಯಾನ್ಸರ್ ಡಾಕ್ಟರಿಗೂ ತೋರಿಸಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. 14416, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಈ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪೆನ್ನು ಸಿಕ್ಕಿದರೆ ಬರೆದುಕೊಳ್ಳಿ, ಎರಡೇ ಪ್ರಶ್ನೆ. ಎರಡು ವಾರದಿಂದ ಹೆಚ್ಚಿನ ದಿನ ಮನಸ್ಸು ಕುಗ್ಗಿದೆಯಾ? ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡವಾಗಿದೆಯಾ? ಒಂದಕ್ಕೆ ಹೌದು ಅಂದರೂ ಕರೆದುಕೊಂಡು ಬನ್ನಿ. ರಾತ್ರಿ ಊಟ ಆದಮೇಲೆ ಟಿವಿ ಆರಿಸಿ, ಅವರನ್ನು ಈ ಎರಡು ಪ್ರಶ್ನೆ ಕೇಳಿ. ನಮಸ್ಕಾರ.