ದಿನವಿಡೀ ಪಾರ್ಕ್, ರಾತ್ರಿ ದೊಡ್ಡ ರೆಸ್ಟೋರೆಂಟ್: ಏನು ಹಾಕಿಕೊಳ್ಳೋಣ?

ಡಿಸ್ನಿ ವರ್ಲ್ಡ್‌ಗೆ ಬರುವವರು ಯಾವ ದಿನ ಯಾವ ಪಾರ್ಕ್, ಯಾವ ರೈಡ್ ಮೊದಲು ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಒಳ್ಳೆ ರೆಸ್ಟೋರೆಂಟಿನಲ್ಲಿ ಟೇಬಲ್ ಬೇಕು ಅಂದರೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಅದಕ್ಕೂ ಬೆಳಗ್ಗೆ ಬೇಗ ಎದ್ದು ಫೋನ್ ಹಿಡಿದು ಕೂರುತ್ತಾರೆ. ಆದರೆ ಆ ಟೇಬಲ್ ಮುಂದೆ ಯಾವ ಬಟ್ಟೆಯಲ್ಲಿ ಕೂರುವುದು ಅನ್ನುವ ಯೋಚನೆ ಬರುವುದು ಸೂಟ್‌ಕೇಸಿನ ಜಿಪ್ ಎಳೆಯುವಾಗ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ನಾವೀಗ ಇರುವುದು ಫ್ಲೋರಿಡಾದ ಓರ್ಲ್ಯಾಂಡೊ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ. 1971ರಲ್ಲಿ ಶುರುವಾದ ಜಾಗ. ನಾಲ್ಕು ಥೀಮ್ ಪಾರ್ಕ್, ಎರಡು ವಾಟರ್ ಪಾರ್ಕ್, ಅವುಗಳ ಸುತ್ತ ಸಾಲು ಸಾಲು ಹೋಟೆಲ್‌ಗಳು. ದುಬಾರಿ ಊಟ ಸಿಗುವ ಜಾಗಗಳು ಪಾರ್ಕ್‌ಗಳ ಒಳಗೂ ಇವೆ, ಹೋಟೆಲ್‌ಗಳಲ್ಲೂ ಇವೆ. ಹಾಗಾಗಿ ಬಟ್ಟೆ ಆರಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ಬುಕ್ ಮಾಡಿದ ರೆಸ್ಟೋರೆಂಟ್ ಪಾರ್ಕಿನ ಗೇಟಿನ ಒಳಗಿದೆಯಾ, ಇಲ್ಲಾ ಹೋಟೆಲಿನಲ್ಲಿದೆಯಾ? ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಗೇಟಿನ ಒಳಗೆ ಇದ್ದರೆ ನಿರಾಳ. ಮ್ಯಾಜಿಕ್ ಕಿಂಗ್‌ಡಮ್ ಕೋಟೆಯೊಳಗಿನ ಸಿಂಡ್ರೆಲಾಸ್ ರಾಯಲ್ ಟೇಬಲ್, ಅದೇ ಪಾರ್ಕಿನ ಬಿ ಅವರ್ ಗೆಸ್ಟ್, ಹಾಲಿವುಡ್ ಸ್ಟುಡಿಯೋಸ್‌ನ ಬ್ರೌನ್ ಡರ್ಬಿ, ಬೇರೆ ಬೇರೆ ದೇಶಗಳ ಹೆಸರಿನ ಭಾಗಗಳಿರುವ ಎಪ್ಕಾಟ್ ಪಾರ್ಕಿನ ಕೆನಡಾ ಭಾಗದಲ್ಲಿರುವ ಲ ಸೆಲಿಯೇ. ಇಲ್ಲಿ ಕೂತವರೆಲ್ಲ ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತು ಬಂದವರೇ. ಟೀ ಶರ್ಟ್, ಶಾರ್ಟ್ಸ್, ಸ್ಪೋರ್ಟ್ಸ್ ಶೂ ಎಲ್ಲ ನಡೆಯುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಎಪ್ಕಾಟ್‌ನ ಫ್ರಾನ್ಸ್ ಭಾಗದಲ್ಲಿ ಮೇಲಿನ ಮಹಡಿಯಲ್ಲಿ ಮೊಸ್ಯೂ ಪಾಲ್ ಅಂತ ಒಂದಿದೆ. ಅಲ್ಲಿಗೆ ಮಾತ್ರ ನಾನಾದರೆ ಸ್ವಲ್ಪ ಚೆನ್ನಾಗಿ ಡ್ರೆಸ್ ಮಾಡಿಕೊಂಡೇ ಹೋಗುತ್ತೇನೆ. ಆ ಊಟದ ಗತ್ತೇ ಬೇರೆ.

ಹೋಟೆಲ್‌ಗಳಲ್ಲಿ ಇರುವ ದೊಡ್ಡ ರೆಸ್ಟೋರೆಂಟ್‌ಗಳ ಕಥೆ ಬೇರೆ. ಕಂಟೆಂಪೊರರಿ ಹೋಟೆಲಿನ 15ನೇ ಮಹಡಿಯ ಕ್ಯಾಲಿಫೋರ್ನಿಯಾ ಗ್ರಿಲ್, ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಜೀಕೊ, ಗ್ರ್ಯಾಂಡ್ ಫ್ಲೋರಿಡಿಯನ್‌ನ ಸಿಟ್ರಿಕೋಸ್, ಬೋರ್ಡ್‌ವಾಕ್‌ನ ಫ್ಲೈಯಿಂಗ್ ಫಿಶ್. ಇವನ್ನೆಲ್ಲ ಡಿಸ್ನಿಯವರು ಸಿಗ್ನೇಚರ್ ಡೈನಿಂಗ್ ಅನ್ನುತ್ತಾರೆ. ಬಟ್ಟೆ ಶುಭ್ರವಾಗಿ, ನೀಟಾಗಿ, ಜಾಗಕ್ಕೆ ಒಪ್ಪುವಂತೆ ಇರಬೇಕು ಅನ್ನುವುದು ನಿಯಮ. ಸ್ವಿಮ್ ಸೂಟ್, ಹರಿದು ಚಿಂದಿಯಾದ ಬಟ್ಟೆ, ಕೆಟ್ಟ ಮಾತು ಅಚ್ಚು ಹಾಕಿದ ಟೀ ಶರ್ಟ್ ಬೇಡ. ಕೇಳಿದರೆ ದೊಡ್ಡದಾಗಿ ಅನ್ನಿಸುತ್ತದೆ, ಆದರೆ ಗಾಬರಿ ಬೇಡ. ಗಂಡಸರಿಗೆ ಕಾಲರ್ ಇರುವ ಶರ್ಟ್, ಚೀನೋಸ್ ಅಥವಾ ಒಳ್ಳೆ ಜೀನ್ಸ್ ಸಾಕು. ಹೆಂಗಸರಿಗೆ ಒಂದು ಸರಳ ಡ್ರೆಸ್, ಇಲ್ಲಾಂದ್ರೆ ಪ್ಯಾಂಟಿನ ಮೇಲೆ ಒಳ್ಳೆ ಟಾಪ್. ಆಫೀಸಿನಲ್ಲಿ ಶುಕ್ರವಾರ ಹಾಕಿಕೊಳ್ಳುವ ಬಟ್ಟೆ ಇದೆಯಲ್ಲ, ಅಷ್ಟು ಇದ್ದರೆ ಧಾರಾಳವಾಯಿತು.

ಒಂದೇ ಒಂದು ಜಾಗಕ್ಕೆ ನಿಜವಾಗಿ ತಯಾರಿ ಬೇಕು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನಲ್ಲಿದೆ, 1988ರಿಂದ ನಡೆಯುತ್ತಿದೆ, 2024ರಲ್ಲಿ ಮಿಶೆಲಿನ್ ಸ್ಟಾರ್ ಬಂತು, ಅಂದರೆ ರೆಸ್ಟೋರೆಂಟ್‌ಗಳಿಗೆ ಸಿಗುವ ದೊಡ್ಡ ಮನ್ನಣೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ಒಂದಾದ ಮೇಲೆ ಒಂದರಂತೆ ಸಣ್ಣ ಸಣ್ಣ ತಟ್ಟೆಗಳು ಬರುತ್ತಲೇ ಇರುತ್ತವೆ, ಗಂಟೆಗಟ್ಟಲೆ ಕೂರುವ ಊಟ. ಇಲ್ಲಿ ಜೀನ್ಸ್, ಶಾರ್ಟ್ಸ್, ಚಪ್ಪಲಿ, ಸ್ಪೋರ್ಟ್ಸ್ ಶೂ ಯಾವುದೂ ನಡೆಯುವುದಿಲ್ಲ. ಗಂಡಸರು ಜಾಕೆಟ್ ಹಾಕಿಕೊಂಡರೆ ಒಳ್ಳೆಯದು ಅನ್ನುತ್ತಾರೆ, ಕಡ್ಡಾಯ ಮಾಡಿಲ್ಲ. ನನ್ನ ಮಾತು ಕೇಳಿದರೆ ಜಾಕೆಟ್ ತನ್ನಿ. ಹಾರ್ಪ್ ನುಡಿಸುತ್ತಿರುತ್ತಾರೆ, ಬಡಿಸುವವರು ಒಂದೊಂದು ತಟ್ಟೆಯ ಬಗ್ಗೆಯೂ ಅಕ್ಕರೆಯಿಂದ ಹೇಳುತ್ತಾರೆ. ಅಷ್ಟು ಶ್ರದ್ಧೆ ಎದುರಿಗಿರುವಾಗ ನಾವೂ ಸ್ವಲ್ಪ ಶ್ರದ್ಧೆಯಿಂದ ತಯಾರಾಗಿ ಕೂತರೆ ಊಟಕ್ಕೆ ಒಂದು ಕಳೆ ಬರುತ್ತದೆ. ಈ ಒಂದು ರಾತ್ರಿ ಇರುವ ದಿನ ಪಾರ್ಕಿಗೆ ಮಧ್ಯಾಹ್ನವೇ ಟಾಟಾ ಹೇಳಿಬಿಡಿ. ರೂಮಿಗೆ ಬಂದು, ಸ್ನಾನ ಮಾಡಿ, ಒಂದು ಗಂಟೆ ಮಲಗಿ ಎದ್ದು ಹೋಗಿ.

ಉಳಿದ ರೆಸ್ಟೋರೆಂಟ್‌ಗಳಿಗೆ ನಿಯಮಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಬೆಳಗ್ಗೆ ಎಂಟಕ್ಕೆ ಹೊರಟವರು, ಇಡೀ ದಿನ ಬಿಸಿಲಲ್ಲಿ ನಡೆದು, ಮಳೆಯಲ್ಲಿ ನೆನೆದು, ಸಂಜೆ ಏಳಕ್ಕೆ ಟೇಬಲ್ ಮುಂದೆ ಹಾಜರಾಗಬೇಕು. ಫ್ಲೋರಿಡಾದ ಬೇಸಿಗೆ ಅಂದರೆ 33 ಡಿಗ್ರಿ ಬಿಸಿಲು, ಅದರ ಮೇಲೆ ಅಂಟಂಟು ಸೆಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮಳೆ ಬಾರದ ದಿನ ಕಡಿಮೆ. ಮಳೆ ನಿಂತ ಹತ್ತೇ ನಿಮಿಷಕ್ಕೆ ಮತ್ತೆ ಚುರುಚುರು ಬಿಸಿಲು. ಹಾಗೇ ರೆಸ್ಟೋರೆಂಟ್ ಒಳಗೆ ಕಾಲಿಟ್ಟರೆ ಎಸಿ ಮೈ ಕೊರೆಯುತ್ತದೆ. ಈ ಎಲ್ಲವನ್ನೂ ತಡೆದುಕೊಳ್ಳುವ ಬಟ್ಟೆ ಬೇಕು.

ಈಗ ಸ್ಕ್ರೀನ್ ಮೇಲೆ ನೋಡಿ, ಇದು ನಾನು ಈ ಟ್ರಿಪ್‌ಗೆ ತಂದ ಡ್ರೆಸ್. ಕಡು ನೀಲಿ, ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುತ್ತದೆ, ಎರಡೂ ಕಡೆ ಜೇಬು. ತೆಳು ನಿಟ್ ಬಟ್ಟೆ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ ತಗೊಂಡೆ, ನೀವೂ ಮಾಡಿ. ಬಟ್ಟೆಯ ಅಂಚನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದು ಹತ್ತು ಎಣಿಸಿ, ಬಿಡಿ. ಲಿನನ್ ಆದರೆ ಸುಕ್ಕು ಅಲ್ಲೇ ನಿಂತಿರುತ್ತದೆ. ಇದು ನೋಡಿ, ಬಿಟ್ಟ ತಕ್ಷಣ ಇಳಿದುಬಿಟ್ಟಿತು. ಇಂಥ ಬಟ್ಟೆಯನ್ನು ಸುರುಳಿ ಸುತ್ತಿ ಬ್ಯಾಗಿನ ಮೂಲೆಗೆ ತುರುಕಿದರೂ ಸಂಜೆ ಹಾಗೇ ಕೊಡವಿ ಹಾಕಿಕೊಳ್ಳಬಹುದು. ಬಣ್ಣದ ಬಗ್ಗೆಯೂ ಒಂದು ಮಾತು. ತಿಳಿ ಬೂದು, ತಿಳಿ ನೀಲಿ ಬಟ್ಟೆಗಳಲ್ಲಿ ಬೆವರಿನ ಗುರುತು ಎದ್ದು ಕಾಣುತ್ತದೆ. ಕಡು ಬಣ್ಣ ಅಥವಾ ಸಣ್ಣ ಸಣ್ಣ ಪ್ರಿಂಟ್ ಇರುವ ಬಟ್ಟೆ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ಗಂಡಸರಿಗೂ ಅಷ್ಟೇ. ಬೇಗ ಒಣಗುವ ಪೋಲೋ ಟೀ ಶರ್ಟ್ ಒಂದು ಕಡು ಬಣ್ಣದ್ದು ಇದ್ದರೆ ಬೆಳಗ್ಗೆ ರೈಡ್‌ಗೂ ಅದೇ, ರಾತ್ರಿ ಊಟಕ್ಕೂ ಅದೇ.

ಈಗ ಕಾಲಿನ ವಿಷಯ. ಇಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುವುದು ಮಾಮೂಲಿ. ಬೆಳಗ್ಗೆ ಪಾರ್ಕಿಗೆ ಸ್ಪೋರ್ಟ್ಸ್ ಶೂ ಬಿಟ್ಟು ಬೇರೆ ಏನೂ ಹಾಕಬೇಡಿ. ಸಂಜೆಗೆ ಅಂತ ಬ್ಯಾಗಿನಲ್ಲಿ ಮಡಚಿಕೊಳ್ಳುವ ಫ್ಲ್ಯಾಟ್ಸ್ ಒಂದು ಜೊತೆ ಇರಲಿ. ಹೈ ಹೀಲ್ಸ್ ಇಷ್ಟಪಡುವವರು ದಯವಿಟ್ಟು ಇದನ್ನು ಗಮನಿಸಿ. ಬೋರ್ಡ್‌ವಾಕ್‌ನಲ್ಲಿ ನಡೆಯುವ ದಾರಿ ಮರದ ಹಲಗೆಯದು. ಒಂದು ಹಲಗೆಗೂ ಇನ್ನೊಂದಕ್ಕೂ ಮಧ್ಯೆ ಸಂದು ಇದೆ. ಪೆನ್ಸಿಲ್ ಹೀಲ್ ನೇರವಾಗಿ ಆ ಸಂದಿಗೇ ಇಳಿಯುತ್ತದೆ. ಫ್ಲೈಯಿಂಗ್ ಫಿಶ್‌ಗೆ ಹೋಗುವುದಿದ್ದರೆ ಅಗಲವಾದ ಹೀಲ್, ಇಲ್ಲಾಂದ್ರೆ ಫ್ಲ್ಯಾಟ್ಸ್. ಬೇರೆ ಮಾತೇ ಇಲ್ಲ. ಕಾಲು ನೋಯುತ್ತಿದ್ದರೆ ಎಷ್ಟು ಒಳ್ಳೆ ಊಟವಾದರೂ ಯಾವಾಗ ಎದ್ದು ಹೋಗೋಣ ಅನ್ನಿಸುತ್ತಿರುತ್ತದೆ, ಅಲ್ವಾ?

ಸರಿ, ಬಟ್ಟೆ ಬದಲಾಯಿಸುವುದು ಎಲ್ಲಿ? ಪಾರ್ಕಿನ ಟಾಯ್ಲೆಟ್‌ಗಳಲ್ಲಿ ಸಂಜೆ ಹೊತ್ತು ಜನವೋ ಜನ, ನೆಲವೂ ಒದ್ದೆ. ಅಲ್ಲಿ ಒದ್ದಾಡಬೇಡಿ. ಬೆಳಗ್ಗೆ ಗೇಟಿನ ಹತ್ತಿರದ ಲಾಕರ್ ಬಾಡಿಗೆಗೆ ತಗೊಂಡು ಸಂಜೆಯ ಬಟ್ಟೆಯ ಚಿಕ್ಕ ಬ್ಯಾಗ್ ಅಲ್ಲಿ ಇಡಿ. ಹೊರಡುವಾಗ ಎತ್ತಿಕೊಂಡು ನೇರ ರೆಸ್ಟೋರೆಂಟ್ ಇರುವ ಹೋಟೆಲಿಗೆ ಹೋಗಿ, ಅಲ್ಲಿನ ಲಾಬಿ ಹತ್ತಿರದ ಟಾಯ್ಲೆಟ್‌ನಲ್ಲಿ ಬದಲಾಯಿಸಿ. ತಣ್ಣಗೆ, ಚೊಕ್ಕಟವಾಗಿ ಇರುತ್ತದೆ, ದೊಡ್ಡ ಕನ್ನಡಿ ಬೇರೆ. ನೀವು ಆ ಹೋಟೆಲಿನಲ್ಲೇ ಉಳಿದಿರಬೇಕು ಅಂತೇನಿಲ್ಲ, ಟೇಬಲ್ ಬುಕ್ ಆಗಿದ್ದರೆ ಸಾಕು.

ಕ್ಯಾಲಿಫೋರ್ನಿಯಾ ಗ್ರಿಲ್‌ಗೆ ಈ ಕ್ರಮ ಹೇಳಿ ಮಾಡಿಸಿದ ಹಾಗಿದೆ. ಮ್ಯಾಜಿಕ್ ಕಿಂಗ್‌ಡಮ್ ಗೇಟಿನಿಂದ ಕಂಟೆಂಪೊರರಿಗೆ ನಡೆದರೆ ಸುಮಾರು ಹತ್ತು ನಿಮಿಷ. ಆ ದಾರಿಯನ್ನೂ ಸ್ಪೋರ್ಟ್ಸ್ ಶೂನಲ್ಲೇ ನಡೆಯಿರಿ. ಹೋಟೆಲ್ ಸೇರಿದ ಮೇಲೆ ಮುಖ ತೊಳೆದು, ಬಟ್ಟೆ ಬದಲಾಯಿಸಿ, ಶೂ ಬ್ಯಾಗಿಗೆ ಹಾಕಿ. ಎರಡನೇ ಮಹಡಿಯಲ್ಲಿ ಹೆಸರು ಹೇಳಿದರೆ ಅವರೇ ಲಿಫ್ಟ್‌ನಲ್ಲಿ ಮೇಲೆ ಕಳಿಸುತ್ತಾರೆ. ಟೈಮ್ ಇದ್ದರೆ ನಾಲ್ಕನೇ ಮಹಡಿಗೆ ಹೋಗಿ. ಮೋನೋರೈಲು ಹೋಟೆಲಿನ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಅಲ್ಲಿ ಗೋಡೆ ತುಂಬ ಡಿಸ್ನಿಯ ಕಲಾವಿದೆ ಮೇರಿ ಬ್ಲೇರ್ ಮಾಡಿದ ಟೈಲ್ಸ್ ಚಿತ್ರ ಇದೆ. ಅದರಲ್ಲಿ ಐದು ಕಾಲಿನ ಒಂದು ಮೇಕೆ ಇದೆ, ಮಕ್ಕಳಿಗೆ ಹುಡುಕಲು ಹೇಳಿ. ನೀವು ಕೂದಲು ಸರಿ ಮಾಡಿಕೊಳ್ಳುವಷ್ಟು ಹೊತ್ತು ಸಿಗುತ್ತದೆ.

ರಾತ್ರಿ ಮ್ಯಾಜಿಕ್ ಕಿಂಗ್‌ಡಮ್‌ನ ಪಟಾಕಿ ಶುರುವಾದಾಗ ಇಲ್ಲಿ ದೀಪ ಮಂದ ಮಾಡುತ್ತಾರೆ, ಜನ ಎದ್ದು ಹೊರಗಿನ ಬಾಲ್ಕನಿಗೆ ಹೋಗುತ್ತಾರೆ. 15ನೇ ಮಹಡಿಯ ಗಾಳಿ ಜೋರಾಗಿರುತ್ತದೆ. ಘೇರಾ ಜಾಸ್ತಿ ಇರುವ ಸ್ಕರ್ಟ್ ಹಾಕಿದವರು ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಸ್ಕರ್ಟ್ ಹಿಡಿದುಕೊಂಡೇ ನಿಲ್ಲಬೇಕಾಗುತ್ತದೆ. ಮೈಗೆ ಸ್ವಲ್ಪ ಅಂಟಿ ನಿಲ್ಲುವ ಡ್ರೆಸ್ ಅಥವಾ ಪ್ಯಾಂಟ್ ಆದರೆ ಆರಾಮಾಗಿ ನೋಡಬಹುದು. ತೆಳು ಕಾರ್ಡಿಗನ್ ಒಂದು ಇಟ್ಟುಕೊಳ್ಳಿ. ಒಳಗೆ ಎಸಿಗೂ ಆಯಿತು, ಹೊರಗೆ ಗಾಳಿಗೂ ಆಯಿತು.

ಮಕ್ಕಳ ವಿಷಯ ಸುಲಭ. ರಾಜಕುಮಾರಿಯ ಗೌನ್ ಹಾಕಿಕೊಂಡ ಮಗು ಇಲ್ಲಿ ಯಾವ ರೆಸ್ಟೋರೆಂಟಿಗೆ ಹೋದರೂ ಒಳ್ಳೆ ಡ್ರೆಸ್ ಹಾಕಿಕೊಂಡ ಹಾಗೇ ಲೆಕ್ಕ. ನಮ್ಮ ಮಗಳು ಸಿಂಡ್ರೆಲಾ ಗೌನಿನಲ್ಲೇ ಬೆಳಗ್ಗೆಯಿಂದ ಓಡಾಡುತ್ತಿದ್ದಾಳೆ. ಎದುರಿಗೆ ಸಿಕ್ಕ ಸಿಬ್ಬಂದಿಯೆಲ್ಲ ಅವಳನ್ನು ಪ್ರಿನ್ಸೆಸ್ ಅಂತಲೇ ಕರೆಯುತ್ತಿದ್ದಾರೆ. ಒಳಗೆ ಒಂದು ಕಾಟನ್ ಸ್ಲಿಪ್ ಹಾಕಿಸಿ, ಆ ಮಿಂಚುವ ನೆಟ್ ಬಟ್ಟೆ ಬೆವರಿಗೆ ಚುಚ್ಚುತ್ತದೆ. ಆದರೆ 14 ವರ್ಷ ಮತ್ತು ಮೇಲ್ಪಟ್ಟವರು ಪಾರ್ಕ್‌ಗಳಲ್ಲಿ ವೇಷ ಹಾಕುವ ಹಾಗಿಲ್ಲ, ಕೆಲವು ವಿಶೇಷ ಪಾರ್ಟಿ ರಾತ್ರಿಗಳನ್ನು ಬಿಟ್ಟು. ದೊಡ್ಡವರು ಅದಕ್ಕೊಂದು ಚೆಂದದ ದಾರಿ ಕಂಡುಕೊಂಡಿದ್ದಾರೆ, ಡಿಸ್ನಿಬೌಂಡಿಂಗ್ ಅನ್ನುತ್ತಾರೆ. ಪಾತ್ರದ ಬಣ್ಣ ಮಾತ್ರ ತಗೊಂಡು ಮಾಮೂಲಿ ಬಟ್ಟೆಯಲ್ಲೇ ತರುವುದು. ಬಿ ಅವರ್ ಗೆಸ್ಟ್‌ಗೆ ಹೋಗುವಾಗ ಹಳದಿ ಡ್ರೆಸ್, ಕಿವಿಗೆ ಕೆಂಪು ಗುಲಾಬಿ ಓಲೆ. ಅಷ್ಟಕ್ಕೇ ‘ಬ್ಯೂಟಿ ಅಂಡ್ ದ ಬೀಸ್ಟ್’ ಸಿನಿಮಾದ ನಾಯಕಿ ಬೆಲ್ ನೆನಪಾಗುತ್ತಾಳೆ. ಕಿಟಕಿಯಾಚೆ ಹಿಮ ಬೀಳುವ ಆ ಬಾಲ್ ರೂಮಿನಲ್ಲಿ ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ! ಹೊಸ ಬಟ್ಟೆಗೆ ದುಡ್ಡು ಸುರಿಯುವುದಕ್ಕಿಂತ ಈ ಐಡಿಯಾ ನನಗೆ ತುಂಬಾ ಇಷ್ಟ.

ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಆಯಾ ರೆಸ್ಟೋರೆಂಟಿನ ಪೇಜ್ ತೆರೆದು ಡ್ರೆಸ್ ಕೋಡ್ ಒಮ್ಮೆ ಓದಿಕೊಳ್ಳಿ.

ನಾಳೆ ನಮಗೆ ಬೆಳಗ್ಗೆ ಅನಿಮಲ್ ಕಿಂಗ್‌ಡಮ್, ರಾತ್ರಿ ಜೀಕೊ. ಆ ಪಾರ್ಕಿನಲ್ಲಿ ಕಾಲಿ ರಿವರ್ ರ್ಯಾಪಿಡ್ಸ್ ಅಂತ ನೀರಿನ ರೈಡ್ ಇದೆ, ತಲೆಯಿಂದ ಕಾಲಿನವರೆಗೆ ನೆನೆಸಿಯೇ ಕಳಿಸುತ್ತದೆ. ನೆನೆದ ಜೀನ್ಸ್ ಸಂಜೆವರೆಗೂ ಒಣಗುವುದಿಲ್ಲ. ಹಾಗಾಗಿ ಮನೆಯವರಿಗೆ ಶಾರ್ಟ್ಸ್, ನನಗೆ ಲೆಗ್ಗಿಂಗ್ಸ್. ಆ ರೈಡ್ ಮಧ್ಯಾಹ್ನದ ಒಳಗೆ ಮುಗಿಸಿ, ನೀಲಿ ಡ್ರೆಸ್ ಲಾಕರ್‌ನಲ್ಲಿ ಇಡುತ್ತೇವೆ. ಜೀಕೊದಲ್ಲಿ ಆಫ್ರಿಕಾದ ಅಡುಗೆ, ಅದರ ರುಚಿ ಹೇಗಿತ್ತು ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.