ಪರಿಮಳದ ಗಿಡಗಳು ಸಕ್ಕರೆಯನ್ನು ಇಳಿಸುತ್ತವೆಯೇ?

ಕೇಳುಗರೇ, ನಮಸ್ಕಾರ.

ಟೈಪ್ 2 ಸಕ್ಕರೆ ಕಾಯಿಲೆಗೆ ಜಗತ್ತಿನಾದ್ಯಂತ ಹೆಚ್ಚಾಗಿ ಕೊಡುವ ಮಾತ್ರೆ ಮೆಟ್‌ಫಾರ್ಮಿನ್. ಅದರ ಕಥೆ ಶುರುವಾಗುವುದು ಒಂದು ಗಿಡದಿಂದ. ಯುರೋಪಿನಲ್ಲಿ ಬೆಳೆಯುವ ಗಲೀಗಾ ಎಂಬ ಗಿಡದಲ್ಲಿ ಗಲೀಜಿನ್ ಅನ್ನುವ ಅಂಶವಿದೆ. ಅದು ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ನಿಜ. ಆದರೆ ಅದರಲ್ಲಿ ವಿಷವೂ ಇದೆ. ಗಲೀಜಿನ್ ಇರುವ ರಾಸಾಯನಿಕ ಬಳಗಕ್ಕೇ ಸೇರಿದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಡಬ್ಲಿನ್‌ನ ಪ್ರಯೋಗಾಲಯದಲ್ಲಿ ತಯಾರಿಸಿದರು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ನಡುವೆ 35 ವರ್ಷ ಕಳೆದಿತ್ತು.

ಹಾಗಾಗಿ ಗಿಡಮೂಲಿಕೆ ಅಂದ ಕೂಡಲೇ ಮೂಗು ಮುರಿಯುವುದು ಸರಿಯಲ್ಲ. ಗಿಡದಿಂದ ಬಂದದ್ದು ತಾನೇ, ಏನೂ ಆಗಲ್ಲ ಅಂದುಕೊಳ್ಳುವುದೂ ಸರಿಯಲ್ಲ.

ಪರಿಮಳದ ಗಿಡಗಳ ವಿಷಯಕ್ಕೆ ಬರೋಣ. ಚಕ್ಕೆ, ತುಳಸಿ, ಪುದೀನ, ರೋಸ್ಮರಿ ಇವುಗಳ ಎಲೆ, ತೊಗಟೆಯನ್ನು ಆವಿಯಲ್ಲಿ ಭಟ್ಟಿ ಇಳಿಸಿದರೆ ಸಿಗುವುದು ಸುಗಂಧ ತೈಲ. ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ತೆಗೆದರೆ ಸಿಗುವುದು ಸಾರ. ಎರಡೂ ಒಂದೇ ಅಲ್ಲ. ರೋಸ್ಮರಿಯಲ್ಲಿರುವ ರೋಸ್ಮರಿನಿಕ್ ಆಮ್ಲವನ್ನೇ ನೋಡಿ. ಅದು ಆವಿಯ ಜೊತೆ ಮೇಲೇಳುವುದಿಲ್ಲ. ಆದ್ದರಿಂದ ತೈಲದಲ್ಲಿ ಸಿಗುವುದಿಲ್ಲ, ಸಾರದಲ್ಲಿ ಸಿಗುತ್ತದೆ. ಎಷ್ಟೋ ಸಲ ಮೂಗಿಗೆ ಬರುವ ಪರಿಮಳವೇ ಬೇರೆ, ಹೊಟ್ಟೆಯಲ್ಲಿ ಕೆಲಸ ಮಾಡುವ ಅಂಶವೇ ಬೇರೆ. ಸುಗಂಧ ತೈಲವನ್ನು ಹನಿ ಲೆಕ್ಕದಲ್ಲಿ ಕುಡಿಯಿರಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಷ್ಟು ಗಟ್ಟಿಯಾದ ತೈಲ ಹೊಟ್ಟೆಗೆ ಹೋದರೆ ಅಪಾಯ. ನೀಲಗಿರಿ ತೈಲವಂತೂ ಮಕ್ಕಳಿಗೆ ಸ್ವಲ್ಪ ಹೋದರೂ ವಿಷವಾಗಬಹುದು.

ಈ ಸಾರಗಳು ಮಾಡಬಹುದಾದ ಕೆಲಸ ಏನು? ನಾವು ತಿಂದ ಪಿಷ್ಟವನ್ನು ಕಿಣ್ವಗಳು ಒಡೆದು ಸಕ್ಕರೆ ಮಾಡುತ್ತವೆ. ಆ ಕಿಣ್ವಗಳನ್ನು ಸ್ವಲ್ಪ ತಡೆದರೆ ಊಟವಾದ ಮೇಲೆ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಅಕಾರ್ಬೋಸ್ ಮಾತ್ರೆ ಮಾಡುವುದೂ ಇದನ್ನೇ. ಅನೇಕ ಸಾರಗಳು ಗಾಜಿನ ನಳಿಕೆಯಲ್ಲಿ ಈ ಗುಣ ತೋರಿಸಿವೆ. ಈ ಕೆಲಸ ಕರುಳಿನೊಳಗೇ ನಡೆಯುವುದರಿಂದ ಸಾರ ರಕ್ತಕ್ಕೆ ಸೇರಲೇಬೇಕು ಅಂತಿಲ್ಲ. ಅದಕ್ಕೇ ನನಗೆ ಈ ದಾರಿಯ ಮೇಲೆ ಹೆಚ್ಚು ಭರವಸೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ನೆರವಾಗುವ ಮಾತು ಬಂದರೆ ಸಾರವನ್ನು ಕರುಳು ಹೀರಿಕೊಳ್ಳಬೇಕು, ಅದು ಲಿವರ್ ದಾಟಬೇಕು, ರಕ್ತದಲ್ಲಿ ಸಾಕಷ್ಟು ಉಳಿಯಬೇಕು. ಬಹಳಷ್ಟು ಅಂಶಗಳು ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಚಕ್ಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 2003ರಲ್ಲಿ ಪಾಕಿಸ್ತಾನದಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಟೈಪ್ 2 ಇರುವ 60 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 1, 3 ಅಥವಾ 6 ಗ್ರಾಂ ಚಕ್ಕೆಯನ್ನು 40 ದಿನ ಕೊಟ್ಟರು. ಅವರ ಖಾಲಿ ಹೊಟ್ಟೆಯ ಸಕ್ಕರೆ ಶೇಕಡಾ 18ರಿಂದ 29ರಷ್ಟು ಇಳಿಯಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಆಮೇಲೆ ಬೇರೆಯವರೂ ಪರೀಕ್ಷಿಸಿದರು. ಕೆಲವರಿಗೆ ಸಕ್ಕರೆ ಇಳಿಯಿತು, ಕೆಲವರಿಗೆ ಇಳಿಯಲಿಲ್ಲ. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 10 ಪ್ರಯೋಗಗಳನ್ನು, ಒಟ್ಟು 577 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು. ಚಕ್ಕೆಯನ್ನು ಚಿಕಿತ್ಸೆಯಾಗಿ ಬಳಸಿ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ.

ಚಕ್ಕೆಯಲ್ಲೂ ಬಗೆಗಳಿವೆ. ಕ್ಯಾಸಿಯಾ ಎಂಬ ದಪ್ಪ ತೊಗಟೆಯಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ. ಅದು ಕೆಲವರ ಲಿವರ್‌ಗೆ ಹಾನಿ ಮಾಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಟ್ಟಿರುವ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ಸುಮಾರು 2 ಗ್ರಾಂ ಕ್ಯಾಸಿಯಾದಲ್ಲೇ ಅಷ್ಟು ಇರಬಹುದು. ಆ ಅಧ್ಯಯನದ 6 ಗ್ರಾಂ ನೆನಪಿಸಿಕೊಳ್ಳಿ. ಸಿಲೋನ್ ಚಕ್ಕೆಯಲ್ಲಿ ಕೂಮರಿನ್ ತೀರಾ ಕಡಿಮೆ.

ಬೊಜ್ಜು ಕರಗಿಸುವ ವಿಷಯದಲ್ಲಿ ಆಧಾರ ಇನ್ನೂ ತೆಳು. ಕೆಲವು ಅಂಶಗಳು ದೇಹದ ಶಾಖವನ್ನು ತುಸು ಏರಿಸುತ್ತವೆ, ಅಷ್ಟರಿಂದ ತೂಕ ಹೆಚ್ಚೇನೂ ಇಳಿಯುವುದಿಲ್ಲ. ತೂಕ ಇಳಿಸಲು ಮಾರುತ್ತಿದ್ದ ಎಫೆಡ್ರಾ ಕೂಡ ಗಿಡದ್ದೇ. ಹೃದಯಕ್ಕೆ ಅಪಾಯ ಎಂದು ಅಮೆರಿಕ 2004ರಲ್ಲಿ ಅದನ್ನು ನಿಷೇಧಿಸಿತು.

ಯಾವುದೇ ಸಾರ ತೆಗೆದುಕೊಳ್ಳುವ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ. ಮಾತ್ರೆ, ಇನ್ಸುಲಿನ್ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಟೈಪ್ 1, ಅಂದರೆ ದೇಹವೇ ಇನ್ಸುಲಿನ್ ತಯಾರಿಸದಂಥ ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ. ಸಾರದಿಂದ ನಿಜಕ್ಕೂ ಉಪಯೋಗವಾಗುತ್ತಿದೆಯೇ ಎಂದು ತಿಳಿಯಲು ಒಂದು ದಿನದ ಪರೀಕ್ಷೆ ಸಾಲದು. ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ, ಸಾರ ಎರಡೂ ಸೇರಿ ಸಕ್ಕರೆ ತೀರಾ ಇಳಿಯುವುದೂ ಉಂಟು. ಬೆವರು, ಕೈ ನಡುಕ, ಮಂಕು ಕಾಣಿಸಿದರೆ ತಕ್ಷಣ ಸಕ್ಕರೆಯನ್ನೋ ಗ್ಲೂಕೋಸನ್ನೋ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ.

ನಮಸ್ಕಾರ.