ಯಾರಿಗೆ ಎಷ್ಟು ಗೊತ್ತಿತ್ತು? ಲಿಂಕನ್ ಕೊಲೆಯ ಸಂಚುಗಾರರು

ಎಲ್ಲರಿಗೂ ನಮಸ್ಕಾರ.

ಅಬ್ರಹಾಂ ಲಿಂಕನ್ ಅವರನ್ನು ಕೊಂದದ್ದು ಯಾರು ಅಂತ ಕೇಳಿದರೆ ಹೈಸ್ಕೂಲು ಹುಡುಗರೂ ಜಾನ್ ವಿಲ್ಕ್ಸ್ ಬೂತ್ ಅಂತ ಹೇಳುತ್ತಾರೆ. ಸರಿ, ಗುಂಡು ಹಾರಿಸಿದ್ದು ಅವನೇ. ಆದರೆ ಆ ಕೊಲೆಗಾಗಿ ನೇಣಿಗೆ ಹೋದವರಲ್ಲಿ ಬೂತ್ ಇಲ್ಲ. ಅಷ್ಟರಲ್ಲಿ ಅವನು ಸತ್ತಿದ್ದ. ನೇಣಿಗೆ ಹೋದವರು ನಾಲ್ಕು ಜನ: ಒಬ್ಬ ಮಾಜಿ ಸೈನಿಕ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಹುಡುಗ, ಗಾಡಿಗಳಿಗೆ ಬಣ್ಣ ಹೊಡೆಯುವವನೊಬ್ಬ, ಮತ್ತೆ ಬಾಡಿಗೆಗೆ ಕೋಣೆ ಕೊಟ್ಟು, ಊಟ ಹಾಕಿ ಬದುಕುತ್ತಿದ್ದ ಒಬ್ಬ ವಿಧವೆ. ಇನ್ನೂ ನಾಲ್ವರು ಜೈಲಿಗೆ ಹೋದರು. ಒಬ್ಬ ತಪ್ಪಿಸಿಕೊಂಡ.

ಇವರೆಲ್ಲ ಸೇರಿ ಕೊಲೆ ಮಾಡಿದರು ಅಂತ ಸುಮ್ನೆ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಯಾರಿಗೆ ಎಷ್ಟು ಗೊತ್ತಿತ್ತು, ಯಾವಾಗ ಗೊತ್ತಾಯಿತು ಅಂತ ಕೇಳುತ್ತಾ ಹೋದರೆ ಕಥೆ ಬೇರೆಯೇ ಆಗುತ್ತದೆ. ಇವತ್ತು ನನಗೆ ಹೇಳಬೇಕಾಗಿರುವುದು ಅಷ್ಟೇ.

ಮೊದಲು ಬೂತ್ ಬಗ್ಗೆ ಎರಡು ಮಾತು. ಆಗ ಅವನಿಗೆ 26 ವರ್ಷ. ಅಪ್ಪ ದೊಡ್ಡ ನಟ, ಅಣ್ಣ ಎಡ್ವಿನ್ ಇನ್ನೂ ದೊಡ್ಡ ನಟ. ಇವನೂ ರಾಜಾಪಾರ್ಟು ಮಾಡುತ್ತಿದ್ದವನೇ. ನೋಡಲು ಚೆಲುವ, ಕೈಯಲ್ಲಿ ದುಡ್ಡು, ಮಾತಿಗೆ ನಿಂತರೆ ಎದುರಿಗಿದ್ದವರು ಕರಗಿಹೋಗಬೇಕು. 1864ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂವರು ಅಣ್ಣತಮ್ಮಂದಿರೂ ಸೇರಿ ಸೀಸರನ ಕೊಲೆಯ ನಾಟಕ ಆಡಿದರು. ಇರಿಯುವ ಬ್ರೂಟಸ್ ಪಾತ್ರ ಎಡ್ವಿನ್‌ಗೆ ಹೋಯಿತು, ಇವನಿಗೆ ಸಿಕ್ಕಿದ್ದು ಆಂಟನಿ. ಅದರಿಂದಲೇ ಎಲ್ಲ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಇವನು ಮನಸ್ಸಿನಲ್ಲಿ ಹಗಲೂ ರಾತ್ರಿ ವೇಷ ಕಳಚದೇ ಇದ್ದ ಮನುಷ್ಯ. ಅದನ್ನು ಮರೆತರೆ ಅವನ ನಡವಳಿಕೆ ಅರ್ಥವಾಗುವುದಿಲ್ಲ.

ಅವನ ಮೊದಲ ಯೋಜನೆ ಕೊಲೆ ಅಲ್ಲ, ಅಪಹರಣ. ಆಗ ಅಮೆರಿಕದ ಉತ್ತರದ ರಾಜ್ಯಗಳಿಗೂ, ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ನಡೆಯುತ್ತಿತ್ತು. ಲಿಂಕನ್ ಉತ್ತರದ ಅಧ್ಯಕ್ಷರು, ಬೂತ್ ದಕ್ಷಿಣದ ಪರ. ಉತ್ತರದವರ ಕೈಯಲ್ಲಿ ದಕ್ಷಿಣದ ಸೈನಿಕರು ಸಾವಿರಗಟ್ಟಲೆ ಸೆರೆಯಲ್ಲಿದ್ದರು. ಲಿಂಕನ್ನರನ್ನು ಹಿಡಿದು ದಕ್ಷಿಣದವರ ರಾಜಧಾನಿ ರಿಚ್ಮಂಡಿಗೆ ಸಾಗಿಸುವುದು, ಆಮೇಲೆ ಅವರನ್ನು ಕೊಟ್ಟು ಸೆರೆಯಾಳುಗಳನ್ನು ಬಿಡಿಸಿಕೊಳ್ಳುವುದು. ಇದು ಲೆಕ್ಕ. ಇದಕ್ಕಾಗಿ ಬಾಲ್ಟಿಮೋರಿನ ಹಳೇ ಗೆಳೆಯರಾದ ಸ್ಯಾಮುಯೆಲ್ ಆರ್ನಾಲ್ಡ್ ಮತ್ತು ಮೈಕೆಲ್ ಒಲಾಫ್ಲಿನ್ ಬಂದರು. ದಕ್ಷಿಣದ ಗುಪ್ತ ಪತ್ರಗಳನ್ನು ಸಾಗಿಸುತ್ತಿದ್ದ ಜಾನ್ ಸರಾಟ್ ಬಂದ. ಅವನ ಮೂಲಕ ದಾರಿ ಬಲ್ಲ ಡೇವಿಡ್ ಹೆರೊಲ್ಡ್, ನದಿ ದಾಟಿಸಲು ಗೊತ್ತಿದ್ದ ಜಾರ್ಜ್ ಅಟ್ಜೆರಾಟ್ ಸೇರಿಕೊಂಡರು. ಕೊನೆಗೆ ಲೂಯಿಸ್ ಪೊವೆಲ್. ಎತ್ತರದ ಆಳು, ಕಟ್ಟುಮಸ್ತು, ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕು ತಪ್ಪಿಸಿಕೊಂಡವನು, ಇನ್ನೂ 21 ತುಂಬಿರಲಿಲ್ಲ.

ಇವರೆಲ್ಲ ಬಂದು ಹೋಗುತ್ತಿದ್ದದ್ದು ವಾಷಿಂಗ್ಟನ್ನಿನ ಎಚ್ ಸ್ಟ್ರೀಟಿನ ಒಂದು ಮನೆಗೆ. ಜಾನ್ ಸರಾಟ್‌ನ ತಾಯಿ ಮೇರಿಯ ಮನೆ. ಗಂಡ ಸಾಲ ಬಿಟ್ಟು ಸತ್ತಿದ್ದ. ಊರಾಚೆ ಸರಾಟ್ಸ್‌ವಿಲ್ ಅನ್ನುವಲ್ಲಿ ಇದ್ದ ಹೆಂಡದಂಗಡಿಯನ್ನು ಜಾನ್ ಲಾಯ್ಡ್ ಎಂಬವನಿಗೆ ಬಾಡಿಗೆಗೆ ಕೊಟ್ಟು, ಆಕೆ ನಗರಕ್ಕೆ ಬಂದು ಬಾಡಿಗೆದಾರರನ್ನು ಇಟ್ಟುಕೊಂಡಿದ್ದಳು. (ಆ ಕಟ್ಟಡ ಇನ್ನೂ ಇದೆ. ಮುಂದೆ ಅದರಲ್ಲಿ ಚೀನೀ ಹೋಟೆಲ್ ನಡೆಯಿತು.)

1865ರ ಮಾರ್ಚ್ 17ರಂದು ಅಪಹರಣಕ್ಕೆ ಮುಹೂರ್ತ ಇಟ್ಟರು. ಊರ ಹೊರಗಿನ ಆಸ್ಪತ್ರೆಯಲ್ಲಿ ನಾಟಕ, ಲಿಂಕನ್ ಬರುತ್ತಾರೆ, ದಾರಿಯಲ್ಲಿ ಗಾಡಿ ತಡೆಯುವುದು. ಎಲ್ಲರೂ ಕಾದರು. ಲಿಂಕನ್ ಬರಲೇ ಇಲ್ಲ. ಅವರು ಆ ಹೊತ್ತಿಗೆ ಎಲ್ಲಿದ್ದರು ಗೊತ್ತಾ? ನ್ಯಾಷನಲ್ ಹೋಟೆಲಿನ ಒಂದು ಸಮಾರಂಭದಲ್ಲಿ. ಬೂತ್ ವಾಷಿಂಗ್ಟನ್ನಿಗೆ ಬಂದಾಗ ಉಳಿಯುತ್ತಿದ್ದದ್ದು ಅದೇ ಹೋಟೆಲಿನಲ್ಲಿ! ಅಲ್ಲಿಗೆ ಗುಂಪು ಅರ್ಧ ಒಡೆಯಿತು. ಆರ್ನಾಲ್ಡ್ ಮತ್ತು ಒಲಾಫ್ಲಿನ್ ಬಾಲ್ಟಿಮೋರಿಗೆ ವಾಪಸ್ ಹೋದರು.

ಏಪ್ರಿಲ್ 3ಕ್ಕೆ ರಿಚ್ಮಂಡ್ ಬಿತ್ತು. 9ಕ್ಕೆ ದಕ್ಷಿಣದ ಸೇನಾನಾಯಕ ಜನರಲ್ ಲೀ ಶರಣಾದ. ಇನ್ನು ಹಿಡಿದುಕೊಂಡು ಹೋದರೂ ಒಯ್ಯುವುದು ಎಲ್ಲಿಗೆ? 11ನೇ ತಾರೀಕು ಲಿಂಕನ್ ಶ್ವೇತಭವನದ ಕಿಟಕಿಯಲ್ಲಿ ನಿಂತು ಮಾತಾಡಿದರು. ಕಪ್ಪು ಜನರಲ್ಲಿ ಕೆಲವರಿಗಾದರೂ, ಅಂದರೆ ಓದಿದವರಿಗೆ ಮತ್ತು ಸೈನಿಕರಾಗಿ ಹೋರಾಡಿದವರಿಗೆ, ಮತದಾನದ ಹಕ್ಕು ಸಿಗಬೇಕು ಅಂದರು. ಕೆಳಗೆ ಗುಂಪಿನಲ್ಲಿ ಬೂತ್ ಇದ್ದ. ಇದು ಇವನ ಕೊನೇ ಭಾಷಣ ಅಂತ ಪಕ್ಕದವನಿಗೆ ಹೇಳಿದನಂತೆ. ಈ ಮಾತನ್ನು ಗಮನಿಸಿ. ದಕ್ಷಿಣದ ಅಭಿಮಾನ, ನಾಡಪ್ರೇಮ ಅಂತ ಅವನ ಪರವಾಗಿ ಆಮೇಲೆ ಏನೇನೋ ಬರೆದವರಿದ್ದಾರೆ. ಆ ಸಂಜೆ ಅವನನ್ನು ಕೆರಳಿಸಿದ್ದು ಕಪ್ಪು ಮನುಷ್ಯ ಓಟು ಹಾಕುತ್ತಾನೆ ಅನ್ನುವ ಮಾತು.

ಈಗ ಏಪ್ರಿಲ್ 14, ಗುಡ್ ಫ್ರೈಡೇ. ಮಧ್ಯಾಹ್ನದ ಹೊತ್ತಿಗೆ ಬೂತ್ ತನ್ನ ಕಾಗದಪತ್ರ ತೆಗೆದುಕೊಳ್ಳಲು ಫೋರ್ಡ್ಸ್ ಥಿಯೇಟರಿಗೆ ಹೋದ. ರಾತ್ರಿ ಅಧ್ಯಕ್ಷರು ನಾಟಕಕ್ಕೆ ಬರುತ್ತಾರೆ ಅಂತ ಅಲ್ಲಿ ಕಿವಿಗೆ ಬಿತ್ತು. ಅಲ್ಲಿಂದ ಗುಂಡು ಹಾರಲು ಉಳಿದಿದ್ದದ್ದು ಹತ್ತು ಗಂಟೆ, ಅಷ್ಟೇ. ಇದನ್ನು ಭಾರೀ ಲೆಕ್ಕಾಚಾರದ ಸಂಚು ಅಂತ ಕಲ್ಪಿಸಿಕೊಳ್ಳುವವರಿಗೆ ನಾನು ಈ ಹತ್ತು ಗಂಟೆಯನ್ನು ನೆನಪಿಸುತ್ತೇನೆ.

ಮಧ್ಯಾಹ್ನ ಅವನು ಎಚ್ ಸ್ಟ್ರೀಟಿನ ಮನೆಗೆ ಹೋಗಿ ಮೇರಿಯ ಕೈಗೆ ಒಂದು ಪೊಟ್ಟಣ ಕೊಟ್ಟ. ಒಳಗಿದ್ದದ್ದು ದುರ್ಬೀನು. ಆಕೆ ಅದನ್ನು ಹಿಡಿದುಕೊಂಡು, ತನ್ನ ಬಾಡಿಗೆದಾರ ವೈಕ್‌ಮನ್‌ನ ಜೊತೆ ಗಾಡಿಯಲ್ಲಿ ಸರಾಟ್ಸ್‌ವಿಲ್‌ಗೆ ಹೋದಳು. ಹೋಗಿದ್ದು ಬಾಕಿ ಹಣ ವಸೂಲಿಗೆ ಅಂತ ಆಕೆಯ ಕಡೆಯವರು ಹೇಳಿದರು. ‘ಆ ಬಂದೂಕುಗಳನ್ನು ಸಿದ್ಧವಾಗಿಟ್ಟಿರು, ರಾತ್ರಿ ಯಾರೋ ಬಂದು ಕೇಳುತ್ತಾರೆ’ ಅಂತ ಆಕೆ ನನಗೆ ಹೇಳಿದಳು ಅಂತ ಲಾಯ್ಡ್ ಸಾಕ್ಷಿ ಹೇಳಿದ. ಬಂದೂಕುಗಳು ಇದ್ದದ್ದು ನಿಜ. ಮಾರ್ಚಿನಲ್ಲಿ ಜಾನ್ ಮತ್ತು ಗೆಳೆಯರು ಅಲ್ಲಿ ಬಚ್ಚಿಟ್ಟು ಹೋಗಿದ್ದರು. ಆದರೆ ಆ ದಿನ ಲಾಯ್ಡ್ ಕಂಠಪೂರ್ತಿ ಕುಡಿದಿದ್ದ. ಅವನ ಮೇಲೂ ಅನುಮಾನ ಇತ್ತು, ಸಾಕ್ಷಿ ಹೇಳಿ ಬಚಾವಾದ. ಇವನ ಈ ಒಂದು ಮಾತಿನ ಮೇಲೆ ಒಂದು ಹೆಂಗಸಿನ ಕೊರಳು ನಿಂತಿತ್ತು.

ರಾತ್ರಿ ಎಂಟರ ಸುಮಾರಿಗೆ ಬೂತ್ ಉಳಿದ ಮೂವರನ್ನು ಕೂರಿಸಿಕೊಂಡು ಕೆಲಸ ಹಂಚಿದ. ಲಿಂಕನ್ ತನಗೆ. ವಿದೇಶಾಂಗ ಮಂತ್ರಿ ವಿಲಿಯಂ ಸೂವರ್ಡ್ ಪೊವೆಲ್‌ಗೆ, ದಾರಿ ತೋರಿಸಲು ಹೆರೊಲ್ಡ್. ಉಪಾಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅಟ್ಜೆರಾಟ್‌ಗೆ. ನಾನು ಬಂದಿದ್ದು ಅಪಹರಣಕ್ಕೆ, ಕೊಲೆಗಲ್ಲ ಅಂತ ಅಟ್ಜೆರಾಟ್ ಅಂದನಂತೆ. ಇಷ್ಟು ದೂರ ಬಂದಮೇಲೆ ಹಿಂದೆ ಹೋಗುವಂತಿಲ್ಲ ಅಂತ ಬೂತ್ ಹೆದರಿಸಿದ.

ಥಿಯೇಟರಿನಲ್ಲಿ ನಡೆದದ್ದು ನಿಮಗೆ ಗೊತ್ತು. ನಗೆನಾಟಕ. ರಂಗದ ಮೇಲೆ ಒಬ್ಬನೇ ನಟ ಇರುವ, ಜನ ಗೊಳ್ಳೆಂದು ನಗುವ ಆ ಮಾತಿಗಾಗಿ ಬೂತ್ ಕಾದಿದ್ದ. ರಾತ್ರಿ ಸುಮಾರು 10.15. ಗುಂಡು ಹಾರಿಸಿ, ಲಿಂಕನ್ನರ ಜೊತೆ ಕೂತಿದ್ದ ಮೇಜರ್ ರಾಥ್‌ಬೋನ್‌ಗೆ ಚಾಕು ಹಾಕಿ ರಂಗಕ್ಕೆ ಧುಮುಕಿದ. ಇದೂ ನಾಟಕದ ಭಾಗ ಅಂತ ಎಷ್ಟೋ ಜನ ಅಂದುಕೊಂಡರು. ಲಿಂಕನ್ ಎದುರು ಮನೆಯ ಮಂಚದ ಮೇಲೆ ಬೆಳಿಗ್ಗೆ 7.22ಕ್ಕೆ ತೀರಿಕೊಂಡರು.

ಅದೇ ಹೊತ್ತಿಗೆ ಸೂವರ್ಡ್ ಮನೆಯ ಬಾಗಿಲು ತಟ್ಟಿದ್ದು ಪೊವೆಲ್. ಡಾಕ್ಟರು ಔಷಧಿ ಕಳಿಸಿದ್ದಾರೆ, ನಾನೇ ಕೈಯಾರೆ ಕೊಡಬೇಕು ಅಂದ. ಸೂವರ್ಡ್ ಒಂಬತ್ತು ದಿನದ ಹಿಂದೆ ಗಾಡಿಯಿಂದ ಬಿದ್ದು, ದವಡೆ ಮುರಿದು ಮಲಗಿದ್ದರು. ಮೆಟ್ಟಿಲ ಮೇಲೆ ತಡೆದ ಮಗ ಫ್ರೆಡರಿಕ್‌ಗೆ ಪೊವೆಲ್ ಪಿಸ್ತೂಲು ಗುರಿ ಇಟ್ಟ, ಅದು ಹಾರಲಿಲ್ಲ. ಅದರಿಂದಲೇ ತಲೆಗೆ ಜಜ್ಜಿದ. ಒಳಗೆ ನುಗ್ಗಿ ಹಾಸಿಗೆಯಲ್ಲಿದ್ದವರ ಕೆನ್ನೆ ಸೀಳಿದ. ಆದರೂ ಸೂವರ್ಡ್ ಬದುಕಿದರು. ಹೊರಗೆ ಕಾದಿದ್ದ ಹೆರೊಲ್ಡ್ ಕಿರುಚಾಟ ಕೇಳಿ ಕುದುರೆ ಹೊಡೆದುಕೊಂಡು ಓಡಿಹೋದ. ವಾಷಿಂಗ್ಟನ್ನಿನ ದಾರಿ ಗೊತ್ತಿಲ್ಲದ ಪೊವೆಲ್ ಒಂಟಿಯಾದ.

ಇನ್ನು ಅಟ್ಜೆರಾಟ್. ಜಾನ್ಸನ್ ಇದ್ದ ಹೋಟೆಲಿನಲ್ಲೇ ತನ್ನ ಹೆಸರಿನಲ್ಲೇ ರೂಮು ಮಾಡಿದ್ದ ಪುಣ್ಯಾತ್ಮ! ಬಾರಿನಲ್ಲಿ ಕೂತು ಕುಡಿದ. ಮಹಡಿ ಹತ್ತಲು ಧೈರ್ಯ ಬರಲಿಲ್ಲ. ಚಾಕುವನ್ನು ಬೀದಿಯಲ್ಲಿ ಎಸೆದು ರಾತ್ರಿಯೆಲ್ಲ ಅಲೆದ, ಆಮೇಲೆ ಪಿಸ್ತೂಲು ಅಡವಿಟ್ಟು ಊರು ಬಿಟ್ಟ. ಅವನ ರೂಮಿನಲ್ಲಿ ಪೊಲೀಸರಿಗೆ ಬೂತ್‌ನ ಬ್ಯಾಂಕ್ ಪಾಸ್‌ಬುಕ್ ಸಿಕ್ಕಿತು. ಯಾರ ಮೇಲೂ ಕೈ ಎತ್ತದ ಇವನಿಗೂ ನೇಣಾಯಿತು.

ಏಪ್ರಿಲ್ 17ರ ರಾತ್ರಿಯ ಒಂದು ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಚ್ ಸ್ಟ್ರೀಟಿನ ಮನೆಗೆ ಪೊಲೀಸರು ಬಂದಿದ್ದಾರೆ. ಮೇರಿ, ಮಗಳು ಆನಾ, ಮನೆಯಲ್ಲಿದ್ದ ಹೆಂಗಸರನ್ನೆಲ್ಲ ಕರೆದೊಯ್ಯಲು ಸಿದ್ಧತೆ. ರಾತ್ರಿ ಹನ್ನೊಂದು ದಾಟಿದೆ. ಬಾಗಿಲು ತಟ್ಟಿದ ಸದ್ದು. ಹೊರಗೆ ಎತ್ತರದ ಆಳು, ತಲೆಗೆ ಅಂಗಿಯ ತೋಳನ್ನೇ ಕತ್ತರಿಸಿ ಟೋಪಿ ಮಾಡಿಕೊಂಡಿದ್ದಾನೆ, ಹೆಗಲ ಮೇಲೆ ಗುದ್ದಲಿ. ಯಾಕೆ ಬಂದೆ? ಚರಂಡಿ ತೋಡಲು. ಈ ಹೊತ್ತಿನಲ್ಲಾ? ಬೆಳಿಗ್ಗೆ ಎಷ್ಟಕ್ಕೆ ಶುರು ಮಾಡಬೇಕು ಅಂತ ಕೇಳಿ ಹೋಗೋಣ ಅಂತ. ಪೊಲೀಸರು ಮೇರಿಯನ್ನು ಕರೆದು ಇವನು ಗೊತ್ತಾ ಅಂದರು. ಆಕೆ ಕೈ ಎತ್ತಿ, ದೇವರಾಣೆಗೂ ಇವನನ್ನು ನೋಡಿಲ್ಲ ಅಂದಳು.

ಅವನು ಪೊವೆಲ್. ಪಾದ್ರಿ ಅಂತ ಹೇಳಿಕೊಂಡು ಅದೇ ಮನೆಯಲ್ಲಿ ಉಳಿದು ಊಟ ಮಾಡಿ ಹೋಗಿದ್ದವನು. ಆಕೆಗೆ ಕಣ್ಣು ಮಂಜು, ದೀಪದ ಬೆಳಕಿನಲ್ಲಿ ಗುರುತು ಸಿಗಲಿಲ್ಲ ಅಂತ ವಕೀಲರು ವಾದಿಸಿದರು. ಇರಬಹುದು. ಆದರೆ ಆ ಗಳಿಗೆಯಲ್ಲಿ ಆಕೆಯ ಹಣೆಬರಹ ಮುಗಿಯಿತು ಅನಿಸುತ್ತದೆ ನನಗೆ.

ಬೂತ್ ಮತ್ತು ಹೆರೊಲ್ಡ್ ಓಡಿದ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ನಡುರಾತ್ರಿ ಲಾಯ್ಡ್‌ನ ಅಂಗಡಿಯಲ್ಲಿ ದುರ್ಬೀನು, ಒಂದು ಬಂದೂಕು, ವಿಸ್ಕಿ. ಬೆಳಗಿನ ಜಾವ ಡಾಕ್ಟರ್ ಸ್ಯಾಮುಯೆಲ್ ಮಡ್ ಮನೆಯಲ್ಲಿ ಬೂತ್‌ನ ಮುರಿದ ಕಾಲಿಗೆ ಪಟ್ಟಿ. ಗುರುತೇ ಸಿಗಲಿಲ್ಲ ಅಂತ ಮಡ್ ಹೇಳಿದ. ಆದರೆ ಅವನು ಬೂತ್‌ನನ್ನು ಮೊದಲೇ ಭೇಟಿಯಾಗಿದ್ದ. ಕಾಲಿನಿಂದ ಕೊಯ್ದು ತೆಗೆದ ಬೂಟಿನ ಒಳಗೆ ‘ಜೆ. ವಿಲ್ಕ್ಸ್’ ಅಂತ ಹೆಸರೂ ಇತ್ತು. ಆಮೇಲೆ ಕೆಲವು ದಿನ ಪೈನ್ ಮರಗಳ ಪೊದೆಯಲ್ಲಿ ಅಡಗಿದ್ದರು. ಥಾಮಸ್ ಜೋನ್ಸ್ ಎಂಬ ಬಡವ ಅನ್ನ ಮತ್ತು ಪೇಪರು ತಂದುಕೊಟ್ಟ. ಬೂತ್, ಹೆರೊಲ್ಡ್, ಜಾನ್ ಸರಾಟ್ ಮೂವರ ತಲೆಗೆ ಸೇರಿ 1,00,000 ಡಾಲರ್ ಬಹುಮಾನ ಇತ್ತು. ಜೋನ್ಸ್ ಬಾಯಿ ಬಿಡಲಿಲ್ಲ. ಬೂತ್ ಪೇಪರು ಓದಿ ನೊಂದುಕೊಂಡ. ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದವನಿಗೆ ಸಿಕ್ಕಿದ್ದು ಛೀಮಾರಿ. ಏಪ್ರಿಲ್ 26ರಂದು ವರ್ಜೀನಿಯಾದ ಒಂದು ತಂಬಾಕಿನ ಕೊಟ್ಟಿಗೆಯಲ್ಲಿ ಸೈನಿಕರು ಸುತ್ತುವರಿದು ಬೆಂಕಿ ಇಟ್ಟರು. ಹೆರೊಲ್ಡ್ ಶರಣಾದ. ಬೂತ್ ಗುಂಡೇಟಿಗೆ ಬಿದ್ದ.

ವಿಚಾರಣೆ ನಡೆದದ್ದು ಮಾಮೂಲಿ ಕೋರ್ಟಿನಲ್ಲಲ್ಲ, ಒಂಬತ್ತು ಅಧಿಕಾರಿಗಳ ಮಿಲಿಟರಿ ಆಯೋಗದ ಮುಂದೆ. ಮೂರನೇ ಎರಡು ಭಾಗ ಒಪ್ಪಿದರೆ ಮರಣದಂಡನೆ. ಆರೋಪಿಗಳು ತಮ್ಮ ಪರ ತಾವೇ ಸಾಕ್ಷಿ ಹೇಳುವಂತಿರಲಿಲ್ಲ. ಜೈಲಿನಲ್ಲಿ ಗಂಡಸರ ತಲೆಗೆ ಕ್ಯಾನ್ವಾಸ್ ಚೀಲ ಹಾಕಿ ಇಟ್ಟಿದ್ದರು. ಸಾಕ್ಷಿಗಳು 350ಕ್ಕೂ ಜಾಸ್ತಿ. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನೂ ಇದರಲ್ಲಿ ಸಿಕ್ಕಿಸಬೇಕು ಅಂತ ಸರ್ಕಾರ ಹಟ ಹಿಡಿದಿತ್ತು. ಅದಕ್ಕೆ ಮುಖ್ಯ ಸಾಕ್ಷಿಯಾಗಿ ಬಂದ ಸ್ಯಾನ್‌ಫರ್ಡ್ ಕಾನೋವರ್ ಆಮೇಲೆ ಸುಳ್ಳುಸಾಕ್ಷಿಯ ಆರೋಪದಲ್ಲಿ ತಾನೇ ಜೈಲಿಗೆ ಹೋದ. ಮರುವರ್ಷ, 1866ರಲ್ಲಿ, ಬೇರೆ ಒಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸಾಮಾನ್ಯ ಕೋರ್ಟುಗಳು ನಡೆಯುತ್ತಿರುವ ಕಡೆ ನಾಗರಿಕರನ್ನು ಮಿಲಿಟರಿ ಕೋರ್ಟಿನಲ್ಲಿ ವಿಚಾರಿಸುವಂತಿಲ್ಲ ಅಂತ ಹೇಳಿತು. ಇವರ ಪಾಲಿಗೆ ಅದು ತಡವಾಗಿತ್ತು.

ಮೇರಿ, ಪೊವೆಲ್, ಹೆರೊಲ್ಡ್, ಅಟ್ಜೆರಾಟ್‌ಗೆ ನೇಣು. ಮಡ್, ಆರ್ನಾಲ್ಡ್, ಒಲಾಫ್ಲಿನ್‌ಗೆ ಜೀವಾವಧಿ. ಬೂತ್‌ನ ಕುದುರೆ ಹಿಡಿದುಕೋ ಅಂತ ಕೇಳಿಸಿಕೊಂಡ, ಅದನ್ನೂ ಇನ್ನೊಬ್ಬ ಹುಡುಗನಿಗೆ ವಹಿಸಿದ ರಂಗಕೆಲಸಗಾರ ನೆಡ್ ಸ್ಪ್ಯಾಂಗ್ಲರ್‌ಗೆ ಆರು ವರ್ಷ. ಒಂಬತ್ತು ಅಧಿಕಾರಿಗಳಲ್ಲಿ ಐವರು, ಮೇರಿಯ ವಯಸ್ಸು ಮತ್ತು ಹೆಣ್ಣು ಅನ್ನುವುದನ್ನು ನೋಡಿ ನೇಣು ತಪ್ಪಿಸಿ ಅಂತ ಅರ್ಜಿ ಬರೆದರು. ಅಧ್ಯಕ್ಷನಾಗಿದ್ದ ಜಾನ್ಸನ್ ಆ ಅರ್ಜಿಯನ್ನು ತಾನು ನೋಡಲೇ ಇಲ್ಲ ಅಂದ. ಸರ್ಕಾರಿ ವಕೀಲ ಜೋಸೆಫ್ ಹೋಲ್ಟ್ ತಾನು ತೋರಿಸಿದ್ದೆ ಅಂದ. ಇಬ್ಬರೂ ವರ್ಷಗಟ್ಟಲೆ ಜಗಳವಾಡಿದರು.

ಶಿಕ್ಷೆ ತಿಳಿಸಿದ್ದು ಜುಲೈ 6ಕ್ಕೆ, ನೇಣು 7ಕ್ಕೆ. ಮಗಳು ಆನಾ ಶ್ವೇತಭವನದ ಮೆಟ್ಟಿಲ ಹತ್ತಿರ ಅತ್ತಳು, ಜಾನ್ಸನ್ ಒಳಗೆ ಬಿಡಲಿಲ್ಲ. ಮೇರಿಯನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಹೇಬಿಯಸ್ ಕಾರ್ಪಸ್ ಆದೇಶ ಬಂತು, ಅದನ್ನೂ ಅವನು ತಡೆದ. ಆ ದಿನ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಫೋಟೋಗಳಿವೆ. ಸಾಧ್ಯವಾದರೆ ನೋಡಿ. ಸುಡುವ ಬಿಸಿಲು. ನೇಣುಗಂಬದ ಪಕ್ಕದಲ್ಲೇ ತೋಡಿದ ಗುಂಡಿಗಳು, ಮರದ ಪೆಟ್ಟಿಗೆಗಳು. ಮೇಲೆ ಕುರ್ಚಿಯಲ್ಲಿ ಕಪ್ಪು ಬಟ್ಟೆಯ ಮೇರಿ. ಅವಳ ತಲೆಗೆ ಬಿಸಿಲು ಬೀಳದಂತೆ ಯಾರೋ ಕೊಡೆ ಹಿಡಿದಿದ್ದಾರೆ. ಇನ್ನು ಕೆಲವೇ ನಿಮಿಷದಲ್ಲಿ ನೇಣು ಹಾಕಬೇಕಾದವಳಿಗೆ ಕೊಡೆ! ನಾನು ಆ ಫೋಟೋವನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಕಣ್ಣು ಆ ಕೊಡೆಯ ಮೇಲೇ ಹೋಗುತ್ತದೆ. ಆಕೆಯ ಹಗ್ಗಕ್ಕೆ ಏಳು ಸುತ್ತಿನ ಬದಲು ಐದೇ ಸುತ್ತು ಹಾಕಿದ್ದೆ, ಹೆಂಗಸನ್ನು ನೇಣಿಗೆ ಹಾಕಲಾರರು ಅಂದುಕೊಂಡಿದ್ದೆ ಅಂತ ನೇಣು ಹಾಕಿದ ಅಧಿಕಾರಿ ಕ್ರಿಶ್ಚಿಯನ್ ರಾಥ್ ಆಮೇಲೆ ಹೇಳಿಕೊಂಡ. ಆಕೆಯ ತಪ್ಪಿಲ್ಲ ಅಂತ ಪೊವೆಲ್ ಕೊನೆಯವರೆಗೂ ಹೇಳುತ್ತಿದ್ದ. ಅಮೆರಿಕದ ಕೇಂದ್ರ ಸರ್ಕಾರ ನೇಣಿಗೆ ಹಾಕಿದ ಮೊದಲ ಹೆಂಗಸು ಆಕೆ.

ಆಕೆಗೆ ಗೊತ್ತಿತ್ತಾ? ಮನೆಯಲ್ಲಿ ಮಗ, ಬೂತ್, ಪೊವೆಲ್ ಪಿಸುಗುಟ್ಟುತ್ತಿದ್ದಾಗ ಏನೋ ನಡೀತಿದೆ ಅಂತ ಗೊತ್ತಾಗದೇ ಇರುತ್ತದಾ? ಅಪಹರಣದ ವಾಸನೆ ಬಡಿದೇ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ಕೊಲೆ? ಅಟ್ಜೆರಾಟ್‌ಗೇ ರಾತ್ರಿ ಎಂಟಕ್ಕೆ ತಿಳಿದದ್ದು, ಆಕೆಗೆ ಮಧ್ಯಾಹ್ನವೇ ಹೇಳಿರುತ್ತಾನಾ? ನನಗೆ ನಂಬಿಕೆ ಬರುವುದಿಲ್ಲ.

ಉಳಿದವರನ್ನು ಫ್ಲಾರಿಡಾದ ಆಚೆ ಸಮುದ್ರದ ನಡುವಿನ ಫೋರ್ಟ್ ಜೆಫರ್ಸನ್ ಕೋಟೆಗೆ ಕಳಿಸಿದರು. 1867ರಲ್ಲಿ ಅಲ್ಲಿ ಹಳದಿ ಜ್ವರ ಬಂತು. ಒಲಾಫ್ಲಿನ್ ಸತ್ತ. ಡಾಕ್ಟರ್ ಮಡ್ ರೋಗಿಗಳನ್ನು ನೋಡಿಕೊಂಡ. 1869ರಲ್ಲಿ ಜಾನ್ಸನ್ ಅಧಿಕಾರ ಬಿಡುವ ಮೊದಲು ಮೂವರನ್ನೂ ಕ್ಷಮಿಸಿದ. ಸ್ಪ್ಯಾಂಗ್ಲರ್ ಕೊನೆಗೆ ಮಡ್‌ನ ಜಮೀನಿಗೇ ಹೋಗಿ, ಬಡಗಿ ಕೆಲಸ ಮಾಡಿಕೊಂಡಿದ್ದು, 1875ರಲ್ಲಿ ಅಲ್ಲೇ ತೀರಿಕೊಂಡ.

ತಪ್ಪಿಸಿಕೊಂಡ ಮಗ ಜಾನ್ ಸರಾಟ್? ಕೊಲೆಯ ದಿನ ಅವನು ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿದ್ದ. ತಾಯಿ ನೇಣಿಗೇರುವಾಗ ಕೆನಡಾದಲ್ಲಿ ಅಡಗಿದ್ದ. ಅಲ್ಲಿಂದ ಇಂಗ್ಲೆಂಡು, ಆಮೇಲೆ ರೋಮ್. ಹೆಸರು ಬದಲಿಸಿಕೊಂಡು ಪೋಪರ ಸೈನ್ಯಕ್ಕೆ ಸೇರಿದ. ಹಳೇ ಪರಿಚಯದವನೊಬ್ಬ ಗುರುತು ಹಿಡಿದ. ಬಂಧಿಸಿದರೆ ಕಣಿವೆಗೆ ಹಾರಿ ತಪ್ಪಿಸಿಕೊಂಡು ಈಜಿಪ್ಟಿನವರೆಗೆ ಹೋದ, ಅಲ್ಲಿ ಸಿಕ್ಕಿಬಿದ್ದ. 1867ರಲ್ಲಿ ಸಾಮಾನ್ಯ ಕೋರ್ಟಿನಲ್ಲಿ ವಿಚಾರಣೆ. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಕೊನೆಗೆ ಬಿಟ್ಟರು.

1870ರ ಡಿಸೆಂಬರಿನಲ್ಲಿ ಅವನು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ, ಹೀಗೆ ನನ್ನ ಹಾಗೇ ಜನರ ಮುಂದೆ ನಿಂತು, ಟಿಕೆಟ್ ಇಟ್ಟು ಉಪನ್ಯಾಸ ಕೊಟ್ಟ. ಅಪಹರಣದ ಸಂಚಿನಲ್ಲಿ ನಾನಿದ್ದೆ, ಕೊಲೆಯಲ್ಲಿ ಇರಲಿಲ್ಲ ಅಂತ ಬಿಚ್ಚಿಟ್ಟ. ವಾಷಿಂಗ್ಟನ್ನಿನಲ್ಲೂ ಒಂದು ಉಪನ್ಯಾಸ ಅಂತ ಪ್ರಕಟಿಸಿದ. ಜನ ಸಿಟ್ಟಾದರು, ರದ್ದಾಯಿತು. ಆಮೇಲೆ ಬಾಲ್ಟಿಮೋರಿನ ಹಡಗು ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು, ಮದುವೆ, ಮಕ್ಕಳು ಎಲ್ಲ ಆಗಿ 1916ರವರೆಗೆ ಬದುಕಿದ.

ನಾನು ಟಿಕೆಟ್ ಇಟ್ಟಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.